ದನ, ಧನ ಮತ್ತು ಚೀನೀ ಭಾಷೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 2005ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಂಪ್ಯೂಟರ್ ಬಗ್ಗೆ ಮಾತಾಡು ಅಂತ ಸಮಿತಿಯವರು ಹೇಳಿದ್ದರು. ಅದರ ಬದಲು ನಾನು ಚೀನೀ ಭಾಷೆ ಕಲಿತ ಕಥೆ ಹೇಳುತ್ತೇನೆ. ಅದಕ್ಕೂ ಈ ಶಾಲೆಗೂ ಸಂಬಂಧ ಇದೆ.

ಚೀನಾದ ಹೆಸರನ್ನು ನಾವು ಪುಸ್ತಕಕ್ಕಿಂತ ಹೆಚ್ಚು ಕೇಳಿದ್ದು ಲಾರಿಗಳಿಂದ. ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ 1977ರಿಂದಲೂ ಇತ್ತು. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಸಂಡೂರು ಸುತ್ತಲಿನ ಅದಿರಿಗೆ ಎಲ್ಲಿಲ್ಲದ ಬೆಲೆ ಬಂತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ಆ ವರ್ಷಗಳಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಅದಿರು ಕಳಿಸಿದರೂ ಸಾಲದು. ಹಗಲು ರಾತ್ರಿ ಲಾರಿಗಳು ಬಂದರುಗಳ ಕಡೆ ಹೋಗುತ್ತಿದ್ದವು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಶಾಲೆಗೆ ಬಂದವರು ಸಂಜೆ ಕೆಂಪು ಅಂಗಿಯಲ್ಲಿ ಮನೆಗೆ ಹೋಗುತ್ತಿದ್ದೆವು. ಅಪ್ಪ ಲಾರಿ ಓಡಿಸುತ್ತಿದ್ದರು. ಆಮೇಲೆ ಸಾಲ ಮಾಡಿ ಸ್ವಂತ ಲಾರಿ ತೆಗೆದುಕೊಂಡರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅದು ನಾನು ಬಿಇ ಮುಗಿಸಿದ ವರ್ಷ. ಲಾರಿ ಮನೆ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಮೊದಲ ಎರಡು ವರ್ಷದ ಸಂಬಳ ಅದಕ್ಕೇ ಹೋಯಿತು.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಪಿಯುಸಿಯಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಅತ್ತಿದ್ದೇನೆ. ಬಿಇ ಮೊದಲ ವರ್ಷ ಎರಡು ವಿಷಯಗಳಲ್ಲಿ ಫೇಲಾದೆ. ಹಾಸ್ಟೆಲಿನಲ್ಲಿ ಯಾರಾದರೂ ‘ಯಾವ ಮೀಡಿಯಂ?’ ಅಂತ ಕೇಳಿದರೆ ಮಾತು ಬದಲಿಸುತ್ತಿದ್ದೆ. ಈ ಶಾಲೆಯ ಹೆಸರು ಹೇಳಲು ನಾಚಿಕೊಂಡಿದ್ದೆ.

2018ರಲ್ಲಿ ನನ್ನ ಕೆಲಸ ಚೀನಾದ ಶೆನ್‌ಜೆನ್ ನಗರದ ಎಂಜಿನಿಯರುಗಳ ಜೊತೆ ಬಿತ್ತು. ಅವರು ಯಂತ್ರದ ಬೋರ್ಡ್ ಮಾಡುತ್ತಿದ್ದರು, ನಾವು ಅದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಕಾಗದಪತ್ರವೆಲ್ಲ ಚೀನೀ ಭಾಷೆಯಲ್ಲಿ. ಕಲಿಯೋಣ ಅಂತ ಸಂಜೆಯ ಆನ್‌ಲೈನ್ ತರಗತಿ ಸೇರಿದೆ.

ವ್ಯಾಕರಣ ಸುಲಭ. ನಮ್ಮ ಹೋದೆ, ಹೋದಳು, ಹೋಗುತ್ತೇವೆ ಎಲ್ಲಕ್ಕೂ ಅವರಲ್ಲಿ ಕ್ರಿಯಾಪದ ಒಂದೇ ರೂಪ. ಕಷ್ಟ ಇರುವುದು ಲಿಪಿಯಲ್ಲಿ ಮತ್ತು ಸ್ವರದಲ್ಲಿ. ಅವರಿಗೆ ವರ್ಣಮಾಲೆಯೇ ಇಲ್ಲ, ಸಾವಿರಾರು ಅಕ್ಷರಚಿತ್ರಗಳನ್ನು ಬರೆದು ಬರೆದು ಕಲಿಯಬೇಕು. ಸ್ವರ ಅಂದರೆ ಏನು? ನಾವು ‘ಹೂಂ’ ಅನ್ನುವುದನ್ನೇ ನೋಡಿ. ಒಪ್ಪಿಗೆಗೆ ಒಂದು ಹೂಂ, ಪ್ರಶ್ನೆಗೆ ಒಂದು ಹೂಂ, ಅನುಮಾನಕ್ಕೆ ಎಳೆದ ಹೂಂ. ಅವರಲ್ಲಿ ಪ್ರತಿ ಪದಕ್ಕೂ ಹೀಗೆ ನಾಲ್ಕು ಸ್ವರ, ಸ್ವರ ಬದಲಾದರೆ ಪದವೇ ಬದಲು. ‘ಮಾಯ್’ ಅಂತ ತಗ್ಗಿಸಿ ಏರಿಸಿದರೆ ಕೊಳ್ಳುವುದು, ಮೇಲಿಂದ ಕೆಳಗೆ ಇಳಿಸಿದರೆ ಮಾರುವುದು. ಒಮ್ಮೆ ನಾನು ಇನ್ನೂರು ಬೋರ್ಡ್ ಕೊಳ್ಳುತ್ತೇವೆ ಅನ್ನಲು ಹೋಗಿ ಮಾರುತ್ತೇವೆ ಅಂದೆ. ಆ ಕಡೆಯವರು ನಕ್ಕು ನಕ್ಕು ಸುಸ್ತಾದರು.

ಒಂದು ದಿನ ನಮ್ಮ ಚೀನೀ ಮೇಡಂ ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದರು. ‘ತುತ್ಸ ಪಾವ್‌ಲ’ ಅಂದರು. ಕಾಗದ ಅಲುಗಲಿಲ್ಲ. ಅರ್ಥ: ಹೊಟ್ಟೆ ತುಂಬಿತು. ‘ಥುತ್ಸ ಫಾವ್‌ಲ’ ಅಂದರು. ಕಾಗದ ಹಾರಿತು. ಅರ್ಥ: ಮೊಲ ಓಡಿಹೋಯಿತು!

ನನಗೆ ಮೈ ಜುಂ ಅಂದಿತು. ಯಾಕೆಂದರೆ ಇದೇ ಶಾಲೆಯ ಎಂಟನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಹರಿದು ಹೀಗೇ ನಮ್ಮ ಬಾಯಿಯ ಮುಂದೆ ಹಿಡಿದಿದ್ದರು. ನಾವು ಭಾರತಕ್ಕೆ ಬಾರತ, ಧನಕ್ಕೆ ದನ ಅನ್ನುವವರು. ‘ಲೇ, ಧನ ಕೇಳಿದ್ರೆ ದನ ಕೊಟ್ಟು ಕಳಿಸ್ತಾರೆ, ಹಾಳಿ ಹಾರೋತನಕ ಅನ್ನು’ ಅಂತ ಬೈಯುತ್ತಿದ್ದರು.

ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ‘ಪಿನ್‌ಯಿನ್’ ಎಂಬ ಪದ್ಧತಿಯನ್ನು ಅವರ ಸರ್ಕಾರ 1958ರಲ್ಲಿ ತಂದಿತು. ಅದರಲ್ಲಿ ‘ಬಿ’ ಅಕ್ಷರ ಇದ್ದರೆ ಅದು ನಮ್ಮ ‘ಪ’, ‘ಪಿ’ ಅಕ್ಷರ ಇದ್ದರೆ ತುಟಿ ಕೂಡಿಸಿ ಅನ್ನುವ ‘ಫ’. ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ನಂಬಿಕೊಂಡವರು ತಿಂಗಳುಗಟ್ಟಲೆ ತಡವರಿಸಿದರು. ನಾನು ಪುಸ್ತಕದ ಪಕ್ಕದಲ್ಲಿ ಕನ್ನಡದಲ್ಲೇ ಪ, ಫ, ತ, ಥ, ಕ, ಖ ಬರೆದುಕೊಂಡೆ. ಆ ವಿಷಯದಲ್ಲಿ ಮೇಡಂ ನನ್ನನ್ನು ತಿದ್ದಬೇಕಾಗಲಿಲ್ಲ. ಮೂವತ್ತರ ಹತ್ತಿರ ಬಂದ ಮೇಲೆ ನನ್ನ ಶಾಲೆಯ ಹೆಸರನ್ನು ನಾನಾಗಿಯೇ ಹೇಳಿದೆ.

ಇದಕ್ಕೆ ವಿಶೇಷ ಬುದ್ಧಿ ಬೇಕು ಅಂತ ತಿಳಿಯಬೇಡಿ. ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ಣಿಸ್ 1938ರಲ್ಲಿ ವೈದ್ಯರ ತಂಡದ ಜೊತೆ ಚೀನಾಕ್ಕೆ ಹೋಗಿ, ಯುದ್ಧದ ನಡುವೆಯೇ ಆ ಭಾಷೆ ಕಲಿತು, ಗಾಯಾಳುಗಳ ಸೇವೆ ಮಾಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡರು. ನನ್ನದು ಅಷ್ಟು ದೊಡ್ಡ ಸಾಧನೆಯಲ್ಲ. ಅವರ ಎಚ್‌ಎಸ್‌ಕೆ ಎಂಬ ಪರೀಕ್ಷೆಗೆ ಆಗ ಆರು ಹಂತ ಇದ್ದವು. ಆರುನೂರು ಪದದ ಮೂರನೇ ಹಂತ ಪಾಸಾಗಿದ್ದೇನೆ, ಸಾವಿರದ ಇನ್ನೂರು ಪದದ ನಾಲ್ಕನೆಯದರಲ್ಲಿ ಒಮ್ಮೆ ಫೇಲಾಗಿದ್ದೇನೆ. ಮತ್ತೆ ಬರೆಯುತ್ತೇನೆ.

ಒಮ್ಮೆ ಊರಿಗೆ ಬಂದಾಗ ಅಪ್ಪ ಕೇಳಿದರು: ‘ನಮ್ಮ ಅದಿರಿಗೆ ಅವರ ಭಾಷ್ಯಾಗ ಏನಂತಾರಪ್ಪ?’ ‘ಥ್ಯೆ ಖ್ವಾಂಗ್’ ಅಂದೆ. ಬರೆದೂ ತೋರಿಸಿದೆ. ‘ಥ್ಯೆ’ ಅಂದರೆ ಕಬ್ಬಿಣ. ಈಗಿನ ಸರಳ ಲಿಪಿಯಲ್ಲಿ ಅದರ ಎಡಕ್ಕೆ ಲೋಹದ ಗುರುತು, ಬಲಕ್ಕೆ ಇರುವ ಅಕ್ಷರಕ್ಕೆ ಬೇರೆಯಾಗಿ ಓದಿದರೆ ‘ಕಳೆದುಕೊಳ್ಳು’ ಅಂತ ಅರ್ಥ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ವರ್ಷ ಹೊತ್ತು ಹಾಕಿದೆ, ಕೊಂಡವರು ಅದಕ್ಕೇನಂತಾರೆ ಅಂತ ಇವತ್ತು ಗೊತ್ತಾತು’ ಅಂದರು.

ಆ ಮಾತು ನನ್ನನ್ನು ಈಗಲೂ ಕಾಡುತ್ತದೆ. ನಮ್ಮ ಮಣ್ಣು ಯಾರಿಗೆ ಹೋಯಿತು, ಅವರು ಎಂಥವರು, ಏನು ಮಾತಾಡುತ್ತಾರೆ ಅನ್ನುವುದೇ ಗೊತ್ತಿಲ್ಲದೆ ನಾವು ಲಾರಿ ತುಂಬಿ ಕಳಿಸಿದೆವು. ಮಕ್ಕಳೇ, ನಿಮಗೆ ಹಾಗಾಗಬಾರದು. ಇಂಗ್ಲಿಷ್ ಕಲಿಯಿರಿ, ಬೇಕಾದರೆ ಚೀನೀ ಭಾಷೆಯನ್ನೂ ಕಲಿಯಿರಿ. ಆದರೆ ಕನ್ನಡದಲ್ಲಿ ಓದಿದ್ದಕ್ಕೆ ನನ್ನ ಹಾಗೆ ತಲೆ ತಗ್ಗಿಸಿ ವರ್ಷಗಳನ್ನು ಕಳೆದುಕೊಳ್ಳಬೇಡಿ. ನಾಳೆ ಕನ್ನಡ ಪೀರಿಯಡ್‌ನಲ್ಲಿ ಗುರುಗಳು ಮಹಾಪ್ರಾಣ ಹೇಳಿಸಿದರೆ ಹಾಳೆ ಹಾರುವ ಹಾಗೆ ಹೇಳಿ.

ಅಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರು ಇನ್ನೂ ‘ತ್ಯೆ ಕ್ವಾಂಗ್’ ಅಂತಲೇ ಅನ್ನುತ್ತಾರೆ. ಅವರಿಗೆ ಹಾಳೆ ಹಿಡಿಯುವ ಕೆಲಸ ನನಗಿರಲಿ.