ಹರಕೆಯ ಹಾದಿಯಲ್ಲಿ ಉಡುಪಿ ಜಿಲ್ಲೆ



ಮಲ್ಪೆಯ ಕಡಲ ದಂಡೆಯಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ, ನೀರಿನ ಅಂಚಿನಲ್ಲಿ ಪುಟ್ಟ ಪುಟ್ಟ ಕುದುರುಗಳು ಕಾಣುತ್ತವೆ. ಊರಿನ ಹಳಬರು ಅವನ್ನು ತೋನ್ಸೆಪಾರ್ ಅನ್ನುತ್ತಾರೆ. ದೋಣಿ ಹತ್ತುವ ಪ್ರವಾಸಿಗರಿಗೆ ಅವು ಸೈಂಟ್ ಮೇರಿಸ್ ದ್ವೀಪಗಳು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಮೇರಿ ಮಾತೆಯ ಹೆಸರಲ್ಲಿ ಒಂದು ಶಿಲುಬೆ ನೆಟ್ಟನೆಂದು ಪ್ರತೀತಿ. ಅಲ್ಲೇ ಬೆನ್ನು ತಿರುಗಿಸಿ, ದಂಡೆಯಿಂದ ನಾಲ್ಕು ಹೆಜ್ಜೆ ಒಳಗೆ ಬನ್ನಿ. ವಡಭಾಂಡೇಶ್ವರದ ಬಲರಾಮನ ಗುಡಿ ಸಿಗುತ್ತದೆ. ಅದಕ್ಕೂ ಕಡಲಿನದೇ ಕಥೆ. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿತ್ತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ಪಾರು ಮಾಡಿದರು. ಏನು ಬೇಕಾದರೂ ಕೊಡುತ್ತೇನೆಂದ ನಾವಿಕನಿಂದ ಗೋಪೀಚಂದನದ ಹೆಂಟೆಗಳನ್ನಷ್ಟೇ ಕೇಳಿ ಪಡೆದರು. ಒಂದರೊಳಗೆ ಬಲರಾಮ, ಇನ್ನೊಂದರೊಳಗೆ ಕಡಗೋಲು ಹಿಡಿದ ಬಾಲಕೃಷ್ಣ. ಬಲರಾಮ ಮಲ್ಪೆಯಲ್ಲೇ ಉಳಿದ, ಕೃಷ್ಣ ಉಡುಪಿಗೆ ಬಂದ.

ಒಂದೇ ದಂಡೆ, ಒಂದೇ ಕಡಲು. ಇವತ್ತಿನ ಮಾತಿಗೆ ಈ ಜಾಗದಿಂದ ಹೊರಡೋಣ ಅನ್ನಿಸಿತು.

ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ದಕ್ಷಿಣ ಕನ್ನಡದಿಂದ ಬೇರೆಯಾಗಿ. ಜಿಲ್ಲೆಗೆ ವಯಸ್ಸು ಕಡಿಮೆ, ಇಲ್ಲಿನ ಕ್ಷೇತ್ರಗಳಿಗೆ ಹೆಚ್ಚು. ಉಡುಪಿ ಎಂದರೆ ಈಗ ಎಲ್ಲರಿಗೂ ಕೃಷ್ಣ ಮಠ. ಆದರೆ ಕೃಷ್ಣ ಬರುವ ಮೊದಲೇ ಅಲ್ಲಿ ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ಇದ್ದರು. ಸಂಪ್ರದಾಯ ಬಲ್ಲ ಯಾತ್ರಿಕರು ಇಂದಿಗೂ ಆ ಎರಡು ಗುಡಿಗಳಿಗೆ ಕೈಮುಗಿದೇ ಕೃಷ್ಣನ ಬಳಿ ಹೋಗುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಪಾಜಕದಲ್ಲಿ ಹುಟ್ಟಿದ ಮಧ್ವರು ಪಾಠ ಹೇಳಿದ್ದು ಅನಂತೇಶ್ವರನ ಸನ್ನಿಧಿಯಲ್ಲೇ. ಅವರು ಎಂಟು ಮಂದಿ ಶಿಷ್ಯರಿಗೆ ಕೃಷ್ಣಪೂಜೆ ಒಪ್ಪಿಸಿದ್ದರಿಂದ ಅಷ್ಟಮಠಗಳಾದವು. ಮೊದಲು ಒಬ್ಬೊಬ್ಬರಿಗೆ ಎರಡೆರಡು ತಿಂಗಳು ಪೂಜೆಯ ಸರದಿ ಇತ್ತು. ಸೋದೆಯ ವಾದಿರಾಜರು 1522ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯ ಅಲ್ಲಿಂದ ಬಂದದ್ದು.

ನನಗೆ ಪರ್ಯಾಯದ ಮೆರವಣಿಗೆಗಿಂತ ಅದರ ಹಿಂದಿನ ವರ್ಷದ ತಯಾರಿ ಹೆಚ್ಚು ಇಷ್ಟ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಎಲ್ಲವೂ ಊಟದ ಲೆಕ್ಕವೇ! ಬಂದವರಿಗೆ ಬಡಿಸಲು ಎಲೆ ಬೇಕು, ಬಾಳೆ ನೆಡಬೇಕು. ಅನ್ನ ಬೇಯಲು ಸೌದೆ ಬೇಕು, ಒಟ್ಟಬೇಕು. ಮಧ್ವ ಸರೋವರದ ಬಳಿ ಆ ಸೌದೆಯನ್ನು ತೇರಿನ ಆಕಾರದಲ್ಲಿ ಒಟ್ಟುತ್ತಾರೆ. ಹತ್ತಿರ ಹೋಗಿ ನೋಡಿ. ಸೀಳಿದ ಕಟ್ಟಿಗೆಯ ತುಂಡುಗಳನ್ನು ಸುತ್ತು ಸುತ್ತಾಗಿ ಇಟ್ಟುಕೊಂಡು ಹೋಗುತ್ತಾರೆ. ಕೆಳಗೆ ಕಿರಿದು, ನಡುವೆ ಹಿಗ್ಗು, ಮೇಲೆ ಮತ್ತೆ ಕಿರಿದಾಗಿ ತುದಿಗೊಂದು ಕಲಶ. ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಕಾದ ಆ ರಾಶಿಯ ಪಕ್ಕ ನಿಂತರೆ ಒಣಮರದ ವಾಸನೆ ಬರುತ್ತದೆ. ಮುಂದೆ ಅದೇ ತೇರು ಕರಗಿ ಕರಗಿ ಜನರ ಹೊಟ್ಟೆ ಸೇರುವ ಅನ್ನವಾಗುತ್ತದೆ. ಪರ್ಯಾಯಕ್ಕೆ ಊರೂರುಗಳಿಂದ ಅಕ್ಕಿ, ತೆಂಗಿನಕಾಯಿ, ತರಕಾರಿಗಳ ಹೊರೆಕಾಣಿಕೆ ಬರುತ್ತದೆ. ಈಚಿನ ಪರ್ಯಾಯಗಳಲ್ಲಿ ಕ್ರೈಸ್ತರು, ಮುಸಲ್ಮಾನರು ಕೂಡ ಹೊರೆಕಾಣಿಕೆ ತಂದದ್ದುಂಟು. ಈ 'ಹೊರೆಕಾಣಿಕೆ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಕರಾವಳಿಯ ಚರ್ಚುಗಳ ಹಬ್ಬದಲ್ಲೂ ಇದೇ ಮಾತು ಕೇಳುತ್ತದೆ.

ಈಗ ಚರ್ಚುಗಳ ಕಥೆಗೆ ಬರೋಣ.

ಕರಾವಳಿಯ ಕ್ರೈಸ್ತರು ಹೆಚ್ಚಿನವರು ಕೊಂಕಣಿ ಮಾತಾಡುವವರು, ಗೋವೆಯಿಂದ ಬಂದವರ ವಂಶದವರು. ಹದಿನಾರನೆಯ ಶತಮಾನದಿಂದ ಮುಂದೆ ಹಲವು ಅಲೆಗಳಾಗಿ ಅವರು ತೆಂಕಣಕ್ಕೆ ಬಂದರು. ಪೋರ್ಚುಗೀಸರ ಧರ್ಮವಿಚಾರಣೆಯ ಭಯ ಒಂದು, ಬರಗಾಲ ಇನ್ನೊಂದು, ಮರಾಠರ ದಾಳಿಗಳು ಮತ್ತೊಂದು. ಅವರಿಗೂ ಮೊದಲು, ಅವರ ಜೊತೆಜೊತೆಗೂ, ಅದೇ ಗೋವೆಯಿಂದ ಗೌಡ ಸಾರಸ್ವತರು ತಮ್ಮ ದೇವರನ್ನು ಎದೆಗವಚಿಕೊಂಡು ಇದೇ ದಾರಿಯಲ್ಲಿ ಬಂದರು. ಒಬ್ಬರ ಗಂಟಿನಲ್ಲಿ ಸಾಲಿಗ್ರಾಮ, ಇನ್ನೊಬ್ಬರ ಗಂಟಿನಲ್ಲಿ ಶಿಲುಬೆ. ಇಬ್ಬರ ಬಾಯಲ್ಲೂ ಕೊಂಕಣಿ. ಕಾರ್ಕಳಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಪೇಟೆಯ ನಡುವೆ ಸಾರಸ್ವತರ ವೆಂಕಟರಮಣ ದೇವಸ್ಥಾನ. ಅದಕ್ಕೆ ಪಡುತಿರುಪತಿ ಎಂದೇ ಹೆಸರು. ಅಲ್ಲಿಂದ ನಾಲ್ಕೈದು ಕಿಲೋಮೀಟರು ಹೋದರೆ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ. ಇವೆರಡಕ್ಕೂ ಹಿರಿಯನಾಗಿ, 1432ರಿಂದ ಬಂಡೆಯ ಮೇಲೆ ನಿಂತಿರುವ ಜೈನರ ಗೋಮಟೇಶ್ವರ. ಒಂದು ತಾಲೂಕು ಕೇಂದ್ರದ ಸುತ್ತ ಇಷ್ಟು!

ಹೀಗೆ ಬಂದವರಿಗೆ ನೆಲ ಕೊಟ್ಟವರು ಯಾರು? ಹೆಚ್ಚಾಗಿ ಕೆಳದಿಯ ಅರಸರು. ಅವರು ಲಿಂಗಾಯತರು. ಬೇಸಾಯ ಬಲ್ಲ ದುಡಿಯುವ ಕೈಗಳು ಅವರಿಗೆ ಬೇಕಿದ್ದವು. ಕಡಲ ವ್ಯಾಪಾರಕ್ಕೆ ಪೋರ್ಚುಗೀಸರ ಜೊತೆ ಒಪ್ಪಂದಗಳೂ ಬೇಕಿದ್ದವು. 1678ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಚರ್ಚು ಕಟ್ಟಲು ಅನುಮತಿ ಸಿಕ್ಕ ಊರುಗಳಲ್ಲಿ ಸ್ವರ್ಣಾ ನದಿಯ ದಂಡೆಯ ಕಲ್ಯಾಣಪುರವೂ ಒಂದು. ಅಲ್ಲಿನ ಮಿಲಾಗ್ರಿಸ್ ಚರ್ಚು ತನ್ನ ಹುಟ್ಟನ್ನು ಅದೇ 1678ಕ್ಕೆ ಹೇಳುತ್ತದೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಅದೇ ಕೆಥೆಡ್ರಲ್ ಆಯಿತು. ಇತ್ತ ಕೊಡಚಾದ್ರಿಯ ತಪ್ಪಲಿನ ಕೊಲ್ಲೂರು ಮೂಕಾಂಬಿಕೆಗೂ ನಡೆದುಕೊಂಡವರು ಇದೇ ಕೆಳದಿಯವರು. ಆ ಅರಸುಮನೆ ಒಂದು ಕೈಯಲ್ಲಿ ಕೊಲ್ಲೂರಿಗೆ ಕಾಣಿಕೆ ಸಲ್ಲಿಸಿ, ಇನ್ನೊಂದು ಕೈಯಲ್ಲಿ ಕಲ್ಯಾಣಪುರದ ಚರ್ಚಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಠ್ಯಪುಸ್ತಕಗಳು ಕೆಳದಿಯ ಬಗ್ಗೆ ಇನ್ನಷ್ಟು ಹೇಳಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಅತ್ತೂರಿನ ಚರ್ಚು ಶುರುವಾದದ್ದು 1759ರಲ್ಲಿ. ಸಂತ ಲಾರೆನ್ಸರು ರೋಮಿನಲ್ಲಿ, ಕ್ರಿಸ್ತಶಕ 258ರಲ್ಲಿ ಹುತಾತ್ಮರಾದವರು. ಇಗರ್ಜಿಯ ಸಂಪತ್ತು ತಂದೊಪ್ಪಿಸು ಎಂದು ಅಧಿಕಾರಿಗಳು ಕೇಳಿದಾಗ ಊರಿನ ಬಡವರನ್ನು, ರೋಗಿಗಳನ್ನು ಕರೆತಂದು, ಇವರೇ ಆ ಸಂಪತ್ತು ಎಂದರಂತೆ. ಅವರ ಹೆಸರಿನ ಚರ್ಚಿಗೆ ಇಪ್ಪತ್ತೈದು ವರ್ಷ ತುಂಬುವಷ್ಟರಲ್ಲೇ ವಿಪತ್ತು ಬಂತು. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಅತ್ತೂರಿನ ಚರ್ಚು ನೆಲಸಮವಾಯಿತು. ಘಟ್ಟ ಹತ್ತಿ ಹೋದವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಬಂದು, 1801ರಲ್ಲಿ ಸಣ್ಣದೊಂದು ಚರ್ಚನ್ನು ಮತ್ತೆ ಎಬ್ಬಿಸಿದರು. ಕೊಲ್ಲೂರಿನಲ್ಲಾದರೋ ಸಂಜೆಯ ಮಂಗಳಾರತಿಗೆ 'ಸಲಾಂ ಮಂಗಳಾರತಿ' ಎಂದು ಜನ ಕರೆಯುತ್ತ ಬಂದರು. ಟಿಪ್ಪು ಬಂದು ಕೈಮುಗಿದದ್ದರ ನೆನಪು ಅದು ಎಂದು ಅಲ್ಲಿಯ ಹೇಳಿಕೆ. ಒಂದೇ ಹೆಸರು ಜಿಲ್ಲೆಯ ಎರಡು ಮೂಲೆಗಳಲ್ಲಿ ಎರಡು ಬಗೆಯಾಗಿ ಉಳಿದಿದೆ. ಎರಡನ್ನೂ ಇದ್ದ ಹಾಗೆ ಕೇಳಿಸಿಕೊಳ್ಳಬೇಕು, ಒಂದರಿಂದ ಇನ್ನೊಂದನ್ನು ಅಳಿಸಬಾರದು.

ಅತ್ತೂರಿನ ಈಗಿನ ಜಾಗಕ್ಕೆ ಒಂದು ಕಥೆ ಇದೆ. ಚರ್ಚಿಗೆ ಹೊಸ ಜಾಗ ಹುಡುಕುತ್ತ ಪಾದ್ರಿಯೊಬ್ಬರು ಸಂತರ ಪುಟ್ಟ ಮರದ ಪ್ರತಿಮೆ ಹಿಡಿದು ಹೊರಟಿದ್ದರು. ಬಾಯಾರಿಕೆಯಾಗಿ ಗುಡ್ಡದ ಬುಡದ ಒರತೆಯ ಬಳಿ ಪ್ರತಿಮೆಯನ್ನು ಕೆಳಗಿಟ್ಟು ನೀರು ಕುಡಿದರು. ಮತ್ತೆ ಎತ್ತಲು ಹೋದರೆ ಅದು ಅಲುಗಲಿಲ್ಲ. ಇಲ್ಲೇ ನಿನಗೆ ಚರ್ಚು ಕಟ್ಟುತ್ತೇವೆ ಎಂದು ಹೇಳಿಕೊಂಡ ಮೇಲಷ್ಟೇ ಎದ್ದಿತು. ಈ ಕಥೆ ಕೇಳಿದಾಗ ನಿಮಗೆ ಗೋಕರ್ಣ ನೆನಪಾಗಿರಬೇಕು. ರಾವಣನ ಕೈಯಿಂದ ನೆಲಕ್ಕಿಳಿದ ಆತ್ಮಲಿಂಗ ಮತ್ತೆ ಏಳಲಿಲ್ಲ. ಉಡುಪಿಯ ಕೃಷ್ಣನೂ ಹಾಗೆಯೇ, ಹಲವರು ಸೇರಿದರೂ ಎತ್ತಲಾಗದ ವಿಗ್ರಹವನ್ನು ಮಧ್ವರೊಬ್ಬರೇ ಎತ್ತಿ ತಂದರೆಂದು ಹೇಳುತ್ತಾರೆ. ದೇವರು ತನ್ನ ಜಾಗವನ್ನು ತಾನೇ ಗೊತ್ತು ಮಾಡಿಕೊಳ್ಳುತ್ತಾನೆ ಎಂಬುದು ಈ ನೆಲದ ನಂಬಿಕೆ. ರೋಮಿನ ಸಂತರೂ ಇಲ್ಲಿಗೆ ಬಂದು ಅದೇ ರೀತಿ ನೆಲೆ ನಿಂತರು. ಆ ಒರತೆಯ ನೀರು ಇಂದಿಗೂ ಇದೆ. ಚರ್ಚಿನವರು ಅದನ್ನು ಕರೆಯುವ ಹೆಸರು ಪುಷ್ಕರಿಣಿ.

ನಾನು ಅತ್ತೂರಿಗೆ ಮೊದಲು ಹೋದದ್ದು ಅಜ್ಜಿಯ ಕೈ ಹಿಡಿದು. ಒಂದು ಮಳೆಗಾಲದಲ್ಲಿ ಅಣ್ಣನಿಗೆ ಜ್ವರ ಬಿಡದೆ ಕಾಡಿತ್ತು. ಅಜ್ಜಿ ಮನೆಯ ನಾಗಬನಕ್ಕೊಂದು ತಂಬಿಲದ ಪೂಜೆ ಹೇಳಿಕೊಂಡರು, ಅತ್ತೂರಿಗೆ ಎರಡು ಮೊಂಬತ್ತಿ ಹೇಳಿಕೊಂಡರು. ಜ್ವರ ಇಳಿಯಿತು. ತಂಬಿಲ ಮುಗಿಯಿತು, ಜನವರಿ ಬಂತು. "ಹೇಳಿಕೊಂಡದ್ದನ್ನು ಬಾಕಿ ಇಡಬಾರದು ಮಗಾ" ಅಂದರು, ಹೊರಟೆವು. ಅತ್ತೂರಿನ ವರ್ಷದ ಹಬ್ಬಕ್ಕೆ ನಮ್ಮ ಕಡೆ ಸಾಂತ್‌ಮಾರಿ ಅನ್ನುತ್ತಾರೆ. ದಾರಿಯ ಎರಡೂ ಬದಿ ಬಳೆ, ಮಿಠಾಯಿ, ಆಟಿಕೆಯ ಅಂಗಡಿಗಳು. ಒಳಗೆ ಹೋಗುವ ಸಾಲಿನಲ್ಲಿ ಸೀರೆಯ ಸೆರಗು ಹೊದ್ದವರು, ಕುಂಕುಮ ಇಟ್ಟವರು, ಮಗುವನ್ನು ಹೆಗಲಿಗೇರಿಸಿಕೊಂಡವರು. ಎಲ್ಲರ ಕೈಯಲ್ಲೂ ಮೊಂಬತ್ತಿ. ಹಚ್ಚುವ ಜಾಗದಲ್ಲಿ ಕರಗಿದ ಮೇಣ ತಟ್ಟೆ ತುಂಬಿ ಹರಿಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಅಜ್ಜಿ ದೇವಸ್ಥಾನದಲ್ಲಿ ಮಾಡುವ ಹಾಗೆಯೇ ಬೆಂಕಿಯ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಪಕ್ಕದಲ್ಲಿದ್ದ ಕ್ರೈಸ್ತ ಹೆಂಗಸೊಬ್ಬರು ಅದನ್ನು ನೋಡಿ, ನನ್ನ ಕೈಯನ್ನೂ ಹಿಡಿದು ಬಿಸಿ ತಾಗಿಸಿ ಕಣ್ಣಿಗೆ ಮುಟ್ಟಿಸಿದರು. ಅತ್ತೂರು 2016ರಲ್ಲಿ ಬಸಿಲಿಕ ಎಂಬ ಪದವಿ ಪಡೆದಾಗ ನನಗೆ ಮೊದಲು ನೆನಪಾದದ್ದು ಆ ಅಂಗೈಯ ಬಿಸಿ.

ಬ್ರಹ್ಮಾವರದ ಕ್ರೈಸ್ತರ ವಿಚಾರವೇ ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಚರ್ಚುಗಳ ಮೇಲಿನ ಅಧಿಕಾರ ಗೋವೆಯಿಂದ ಬೇರೆಯವರ ಕೈಗೆ ಹೋದಾಗ ಕೆಲವು ಕೊಂಕಣಿ ಕುಟುಂಬಗಳು ಒಪ್ಪಲಿಲ್ಲ. ಅವು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಗೆ ಸೇರಿಕೊಂಡವು. ಆ ಸಮುದಾಯವನ್ನು ಮುನ್ನಡೆಸಿದ ಫಾದರ್ ನೊರೊನ್ಹಾ 1936ರಲ್ಲಿ ತೀರಿಕೊಂಡರು. ಬ್ರಹ್ಮಾವರದ ಸೈಂಟ್ ಮೇರೀಸ್ ಚರ್ಚಿನಲ್ಲಿರುವ ಅವರ ಸಮಾಧಿಗೆ ಇಂದಿಗೂ ಜನ ಬಂದು ಪ್ರಾರ್ಥಿಸುತ್ತಾರೆ.

ಕೊಲ್ಲೂರಿಗೆ ಮರಳುತ್ತೇನೆ. ವಿಜಯದಶಮಿಯಂದು ಅಲ್ಲಿ ಮಕ್ಕಳ ವಿದ್ಯಾರಂಭಕ್ಕೆ ಕೇರಳದಿಂದ ಜನ ಸಾಗರವಾಗಿ ಬರುತ್ತಾರೆ. ಸೌಪರ್ಣಿಕೆಯ ದಂಡೆಯಲ್ಲಿ ಕನ್ನಡದಷ್ಟೇ ಮಲಯಾಳ ಕೇಳಿಸುತ್ತದೆ. 1940ರಲ್ಲಿ ಫೋರ್ಟ್ ಕೊಚ್ಚಿಯ ಲ್ಯಾಟಿನ್ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಗಾಯಕ ಯೇಸುದಾಸ್ ದಶಕಗಳ ಕಾಲ ತಮ್ಮ ಹುಟ್ಟುಹಬ್ಬದ ದಿನ, ಜನವರಿ 10ರಂದು, ಇದೇ ದೇವಿಯ ಮುಂದೆ ಕೂತು ಹಾಡಿದರು. ನಮ್ಮ ಅಜ್ಜಿ ಅತ್ತೂರಿಗೆ ಹೋದದ್ದಕ್ಕೂ ಅವರು ಕೊಲ್ಲೂರಿಗೆ ಬಂದದ್ದಕ್ಕೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ.

ಕೊನೆಗೆ ಹೂವಿನ ಮಾತು. ಕಾಪು ಕಡೆಯ ಶಂಕರಪುರದ ಮಲ್ಲಿಗೆ ಗೊತ್ತಲ್ಲ? ಅದನ್ನು ಬೆಳೆಯುವವರಲ್ಲಿ ಕ್ರೈಸ್ತ ಮನೆಗಳು ಬಹಳ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಅಂಗಳದಲ್ಲಿ ಕೂತು, ಬಾಳೆಯ ನಾರಿನಲ್ಲಿ ಹೆಣೆಯುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದಿನ ದರ ಗೊತ್ತಾದ ಮೇಲೆ ಅಟ್ಟೆಗಳು ಪೇಟೆಗೆ ಹೊರಡುತ್ತವೆ. ಅಲ್ಲಿಂದ ದೇವಸ್ಥಾನಗಳಿಗೆ, ನಾಗಬನಗಳಿಗೆ, ದೈವದ ಗುಡಿಗಳಿಗೆ, ಮದುಮಗಳ ಜಡೆಗೆ. ಶಿಲುಬೆಯ ಗುರುತು ಮಾಡಿ ದಿನ ಆರಂಭಿಸಿದ ಕೈಗಳು ಹೆಣೆದ ಹೂವು ಮಧ್ಯಾಹ್ನದ ಪೂಜೆಗೆ ದೇವಿಯ ಮುಡಿಯಲ್ಲಿರುತ್ತದೆ. ಸೆಪ್ಟೆಂಬರ್ 8ಕ್ಕೆ ಅದೇ ಮನೆಗಳಲ್ಲಿ ಮೊಂತಿ ಹಬ್ಬ. ಮಕ್ಕಳು ಮೇರಿ ಮಾತೆಗೆ ಹೂ ಎರಚುತ್ತಾರೆ, ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಊಟದಲ್ಲಿ ಸೇರಿಸುತ್ತಾರೆ. ನೆರೆಮನೆಯ ಹಿಂದೂಗಳು ಅದೇ ಕಾಲದಲ್ಲಿ ಕದಿರು ಕಟ್ಟಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಗದ್ದೆ ಒಂದೇ, ಬೆಳೆ ಬರುವ ಹೊತ್ತೂ ಒಂದೇ.

ಕೇಳುಗರೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ: ಯಾವ ವರ್ಷ, ಯಾವ ಸಂಕಟಕ್ಕೆ, ಯಾವ ಕ್ಷೇತ್ರಕ್ಕೆ ಹರಕೆ ಹೊತ್ತಿರಿ, ಹೇಗೆ ತೀರಿಸಿದಿರಿ ಎಂದು. ಅವರು ಹೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಇಲ್ಲವೇ ಮೊಬೈಲಿನಲ್ಲಿ ಅವರ ಧ್ವನಿಯಲ್ಲೇ ಹಿಡಿದಿಡಿ. ಈ ಜಿಲ್ಲೆಯ ಯಾತ್ರೆಗಳ ಚರಿತ್ರೆಯಲ್ಲಿ ಬಹುಪಾಲು ಅವರ ಬಳಿಯೇ ಇದೆ, ಮತ್ತು ಅದನ್ನು ಇನ್ನೂ ಯಾರೂ ಬರೆದುಕೊಂಡಿಲ್ಲ.