ಗಂಡಸರಿಗೊಂದು ಇಂಜೆಕ್ಷನ್ ಯಾಕಿಲ್ಲ?

ಕಲಘಟಗಿಯಿಂದ ಮಾತಾಡಾಕತ್ತೀನಿ. ನಮ್ಮೂರು ಬಣ್ಣದ ತೊಟ್ಟಿಲಿಗೆ ಹೆಸರುವಾಸಿ. ಇವತ್ತಿನ ಮಾತು ಮಾತ್ರ, ತೊಟ್ಟಿಲು ಇನ್ನ ಸಾಕು ಅಂದಮ್ಯಾಲಿಂದು.

ಎರಡನೇ ಮಗು ಆದಮ್ಯಾಲೆ ನಮ್ಮ ವೈನಿ ಆಪರೇಷನ್ ಮಾಡಿಸ್ಕೊಂಡ್ರು. ಅಣ್ಣ ಮಾಡಿಸ್ಕೋತಾನೇನು ಅಂತ ಮನ್ಯಾಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದಿನ ವೈನಿನೇ ನನ್ನ ಕೇಳಿದ್ರು: "ಅಲ್ಲಪಾ, ಗಂಡಸರಿಗೆ ಒಂದು ಇಂಜೆಕ್ಷನ್ ಯಾಕ ಕಂಡುಹಿಡಿದಿಲ್ಲ?"

ಹುಡುಕಿದಾಗ ಸಿಕ್ಕ ಹೆಸರು ಪ್ರೊ. ಎನ್.ಆರ್. ಮೌದ್ಗಲ್. 1931ರಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದವರು. 1976ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ನಾನು ಬಿ.ಕಾಂ. ಓದಿದವ. ಲೆಡ್ಜರ್ ನೋಡೋ ಹಂಗ, ಅವರ ಪೇಪರ್‌ಗಳ ಪಟ್ಟಿಯನ್ನ ಹಳೇದರಿಂದ ಹೊಸದಕ್ಕ ನೋಡ್ತಾ ಬಂದೆ.

1961ರಲ್ಲಿ ಸಿ.ಎಚ್. ಲೀ ಜೊತೆ 'ನೇಚರ್' ಪತ್ರಿಕೆಯಲ್ಲಿ ಒಂದು ಪೇಪರ್ ಐತಿ. ಕುರಿಯ ಪಿಟ್ಯುಟರಿ ಗ್ರಂಥಿಯ ಒಂದು ಹಾರ್ಮೋನು ಮತ್ತು ಅದನ್ನ ಹಿಡಿಯೋ ಆ್ಯಂಟಿಬಾಡಿ ಬಗ್ಗೆ. ಮುಂದಿನ ಕೆಲಸಕ್ಕೆಲ್ಲ ಈ ಉಪಾಯನೇ ಬುನಾದಿ: ಹಾರ್ಮೋನನ್ನ ಆ್ಯಂಟಿಬಾಡಿಯಿಂದ ಕಟ್ಟಿಹಾಕು, ದೇಹದಾಗ ಯಾವ ಕೆಲಸ ನಿಲ್ತದ ನೋಡು.

ಅಲ್ಲಿಂದ ಅವರು ಎಫ್‌ಎಸ್‌ಎಚ್ ಅನ್ನೋ ಹಾರ್ಮೋನಿಗೆ ಬಂದರು. ವೀರ್ಯಾಣು ತಯಾರಾಗೋದಕ್ಕ ಇದು ನೆರವಾಗ್ತದ. ಗಂಡಸುತನದ ಟೆಸ್ಟೋಸ್ಟಿರಾನ್‌ ನಡೆಸೋದು ಬೇರೆ ಹಾರ್ಮೋನು, ಎಲ್‌ಎಚ್. ಹಂಗಾದ್ರ ಎಫ್‌ಎಸ್‌ಎಚ್ ಒಂದನ್ನೇ ತಡೆದ್ರ? ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆ ಮಾಡಿ ಗಂಡು ಕೋತಿಗಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದ್ರು. 1997ರಲ್ಲಿ 'ಹ್ಯೂಮನ್ ರಿಪ್ರೊಡಕ್ಷನ್' ಪತ್ರಿಕೆಯಲ್ಲಿ, ಕೆಲವೇ ಗಂಡಸರು ಸ್ವಯಂಸೇವಕರಾಗಿದ್ದ ಸಣ್ಣ ಪ್ರಯೋಗದ ಫಲಿತಾಂಶ ಬಂತು. ವೀರ್ಯಾಣು ಕಡಿಮೆಯಾದವು, ಟೆಸ್ಟೋಸ್ಟಿರಾನ್ ಇದ್ದ ಹಂಗ ಇತ್ತು.

ಇಲ್ಲಿಗೆ ನಿಲ್ಲಿಸಿದ್ರ ಚೊಲೋ ಕಥಿ. ಆದ್ರ ಅದೇ 1997ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬೇರೆಯವರ ಎರಡು ಪೇಪರ್ ಬಂದವು. ಎಫ್‌ಎಸ್‌ಎಚ್ ಇಲ್ಲದ ಗಂಡು ಇಲಿಗಳಿಗೂ ಮರಿ ಆದವು. ಫಿನ್ಲೆಂಡ್‌ನಲ್ಲಿ ಈ ಹಾರ್ಮೋನು ಕೆಲಸ ಮಾಡದ ಐದು ಗಂಡಸರ ಪೈಕಿ ಇಬ್ಬರಿಗೆ ಮಕ್ಕಳಿದ್ದರು. ಅಂದ್ರ ಎಫ್‌ಎಸ್‌ಎಚ್ ತಡೆದ್ರೂ ಗ್ಯಾರಂಟಿ ಇಲ್ಲ. ಲಸಿಕೆ ಮಾರುಕಟ್ಟೆಗೆ ಬರಲಿಲ್ಲ.

ಹಂಗಂತ ಆ ಪೇಪರ್‌ಗಳು ದಂಡ ಆದವೇನು? ಇಲ್ರೀ. ಯಾವ ದಾರಿ ಎಲ್ಲಿತನಕ ಹೋಗ್ತದ ಅಂತ ಬರೆದಿಟ್ಟಿದ್ದಾರ. ಮುಂದಿನವರು ಅಲ್ಲಿಂದ ಶುರುಮಾಡಬಹುದು. ಒಬ್ಬ ವಿಜ್ಞಾನಿ ಎಷ್ಟು ಪೇಪರ್ ಬರೆದ ಅಂತಷ್ಟೇ ಎಣಿಸಿದ್ರ ಇದು ಕಾಣೂದಿಲ್ಲ. ಪಕ್ಕದವರ ಪೇಪರ್ ಕೂಡ ಓದಬೇಕು, ಲೆಡ್ಜರಿನ ಎರಡೂ ಬದಿ ನೋಡಿದಂಗ.

ಇದನ್ನೆಲ್ಲ ವೈನಿಗೆ ಹೇಳಿದೆ. ಗಂಡಸರ ಆಪರೇಷನ್ ಈಗಲೂ ಐತಿ, ಹೆಂಗಸರದಕ್ಕಿಂತ ಸರಳ, ಆದ್ರ ಕರ್ನಾಟಕದಾಗ ಮಾಡಿಸ್ಕೊಳ್ಳೋರು ನೂರಕ್ಕ ಒಬ್ಬರೂ ಇಲ್ಲ ಅಂತನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಅಂದ್ರ ಔಷಧ ಇಲ್ಲಂತಲ್ಲ. ಕೇಳೋರು ಇಲ್ಲಂತ."

ನನ್ನ ಮದುವಿ ಇನ್ನೂ ಆಗಿಲ್ಲ. ಆದಮ್ಯಾಲೆ ಈ ಪ್ರಶ್ನೆ ನನಗೂ ಬರ್ತದ. ನಿಮಗೂ. ಮುಂದಿನ ವಾರ ಸಿಗೋಣ್ರೀ.