ಪರದೆಯ ಮೇಲೆ ಇನ್ನಷ್ಟು ಚುಕ್ಕಿಗಳು

ಮನೆಯ ಮುಂದೆ ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಏಳು ಸಾಲಿಗೆ ಏಳು ಚುಕ್ಕಿ ಇಟ್ಟರೆ ಒಂದು ಸರಳವಾದ ಹೂವು ಮೂಡುತ್ತದೆ. ಅದೇ ಅಂಗಳದಲ್ಲಿ ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಚುಕ್ಕಿ ಇಟ್ಟರೆ ಬಳ್ಳಿ, ನವಿಲು, ದೀಪ ಎಲ್ಲವೂ ಬರುತ್ತವೆ. ಅಂಗಳ ದೊಡ್ಡದಾಗಲಿಲ್ಲ, ಚುಕ್ಕಿಗಳು ಒತ್ತಾದವು, ಅಷ್ಟೆ. ಗಣಕಯಂತ್ರದ ಪರದೆಯೂ ಇಂಥದೇ ಒಂದು ಅಂಗಳ. ಅದರಲ್ಲಿ ಅಡ್ಡಲಾಗಿ ಎಷ್ಟು ಚುಕ್ಕಿ, ಎಷ್ಟು ಸಾಲು ಎಂಬ ಲೆಕ್ಕವನ್ನೇ ರೆಸಲ್ಯೂಷನ್ ಎನ್ನುತ್ತಾರೆ.

ಇಂದು ನಿಮ್ಮ ಕೈಯಲ್ಲಿರುವ ದೂರವಾಣಿಯ ಪರದೆಯಲ್ಲೇ ಹತ್ತಾರು ಲಕ್ಷ ಚುಕ್ಕಿಗಳಿವೆ. ಆದರೆ ಚಿತ್ರ, ಕಿಟಕಿ, ಮೌಸ್ ಇವುಗಳನ್ನು ಜನರಿಗೆ ಮೊದಲು ಪರಿಚಯಿಸಿದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದೊಂದು ಚುಕ್ಕಿಗೂ ಲೆಕ್ಕವಿತ್ತು. ಅಂಥ ಯಂತ್ರಗಳಲ್ಲಿ ಹೆಚ್ಚು ಚುಕ್ಕಿಗಳನ್ನು ಮೂಡಿಸುವುದು ಹೇಗೆ? ಈ ಹಳೆಯ ಪ್ರಶ್ನೆಯಲ್ಲಿ ಇಂದಿನ ವಿದ್ಯಾರ್ಥಿಗೂ ಒಂದು ಪಾಠವಿದೆ.

ಒಂದು ಉದಾಹರಣೆಯಿಂದ ಆರಂಭಿಸೋಣ. ಮೇಜಿನ ಮೇಲೆ ಎರಡು ಹಳೆಯ ಗಣಕಯಂತ್ರಗಳಿವೆ ಎಂದಿಟ್ಟುಕೊಳ್ಳಿ. ಎರಡರಲ್ಲೂ ಅದೇ ಚಿತ್ರದ ಕಾರ್ಡು, ಅದೇ ಮಾನಿಟರ್, ಅದೇ ವಿಂಡೋಸ್. ಆದರೂ ಒಂದರಲ್ಲಿ 640×480 ಚುಕ್ಕಿಗಳು ಕಾಣುತ್ತವೆ, ಇನ್ನೊಂದರಲ್ಲಿ 800×600. ಎರಡನೆಯದಕ್ಕೆ ಹೊಸದಾಗಿ ಏನನ್ನೂ ಕೊಂಡಿಲ್ಲ. ಹಾಗಾದರೆ ಮೊದಲನೆಯದನ್ನು ತಡೆದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾಲ್ವರನ್ನು ವಿಚಾರಿಸಬೇಕು. ಮೊದಲನೆಯದು ನೆನಪು, ಎರಡನೆಯದು ಕಿಟಕಿ, ಮೂರನೆಯದು ಗಡಿಯಾರ, ನಾಲ್ಕನೆಯವನು ದುಭಾಷಿ. ಈ ನಾಲ್ವರೂ ಒಪ್ಪಿದರೆ ಮಾತ್ರ ಚುಕ್ಕಿಗಳು ಹೆಚ್ಚುತ್ತವೆ. ಒಬ್ಬರು ಒಲ್ಲೆ ಎಂದರೂ ಪರದೆ ಕಪ್ಪಾಗುತ್ತದೆ. ಒಬ್ಬೊಬ್ಬರನ್ನಾಗಿ ನೋಡೋಣ.

ಮೊದಲು ನೆನಪು. ಪರದೆಯ ಪ್ರತಿಯೊಂದು ಚುಕ್ಕಿಯ ಸ್ಥಿತಿಯನ್ನೂ ಯಂತ್ರವು ಎಲ್ಲಾದರೂ ಬರೆದಿಡಬೇಕು. ಕಪ್ಪು ಬಿಳುಪು ಮಾತ್ರವಾದರೆ ಚುಕ್ಕಿಗೆ ಒಂದು ಬಿಟ್ ಸಾಕು, ಎಂಟು ಬಿಟ್‌ಗೆ ಒಂದು ಬೈಟ್. 1973ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧಕರು ಆಲ್ಟೋ ಎಂಬ ಯಂತ್ರವನ್ನು ಕಟ್ಟಿದರು. ಅದರ ಪರದೆಯಲ್ಲಿ ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕಿಗಳು. ಗುಣಿಸಿ ಎಂಟರಿಂದ ಭಾಗಿಸಿದರೆ 61,206 ಬೈಟ್ ಬರುತ್ತದೆ. ಆ ಯಂತ್ರದ ಒಟ್ಟು ನೆನಪೇ 128 ಕಿಲೋಬೈಟ್. ಅಂದರೆ ಪೂರ್ತಿ ಪರದೆಯ ಚಿತ್ರವೊಂದಕ್ಕೇ ಸುಮಾರು ಅರ್ಧದಷ್ಟು ನೆನಪು ಹೋಗುತ್ತಿತ್ತು!

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರೊಂದಿಗೆ ಬಂದ ಸಿಜಿಎ ಎಂಬ ಬಣ್ಣದ ಕಾರ್ಡಿನಲ್ಲಿ ಇದ್ದದ್ದು 16 ಕಿಲೋಬೈಟ್, ಎಂದರೆ 16,384 ಬೈಟ್. 640×200 ಚುಕ್ಕಿಗಳನ್ನು ಎರಡೇ ಬಣ್ಣದಲ್ಲಿ ತೋರಿಸಲು 16,000 ಬೈಟ್ ಬೇಕು. ಎಷ್ಟು ಬಿಗಿಯಾದ ಲೆಕ್ಕ ನೋಡಿ! 1987ರಲ್ಲಿ ಬಂದ ವಿಜಿಎಯಲ್ಲಿ 256 ಕಿಲೋಬೈಟ್ ಇತ್ತು, ಅಂದರೆ 2,62,144 ಬೈಟ್. 16 ಬಣ್ಣಗಳಿಗೆ ಚುಕ್ಕಿಗೆ ನಾಲ್ಕು ಬಿಟ್ ಬೇಕು. ಹಾಗಾಗಿ 640×480ಕ್ಕೆ ತಗಲುವುದು 1,53,600 ಬೈಟ್. ಮಿಕ್ಕದ್ದು ಖಾಲಿ. ಅದೇ 800×600ಕ್ಕೆ ಲೆಕ್ಕ ಹಾಕಿ: 2,40,000 ಬೈಟ್. ಇದೂ ಹಿಡಿಸುತ್ತದೆ! ನಮ್ಮ ಮೊದಲನೆಯ ಯಂತ್ರವನ್ನು ತಡೆದದ್ದು ನೆನಪು ಅಲ್ಲ ಎಂದಾಯಿತು.

ಇನ್ನು ಕಿಟಕಿ. ಕಾರ್ಡಿನ ನೆನಪು ದೊಡ್ಡದಿದ್ದರೂ ಯಂತ್ರದ ಮುಖ್ಯ ಸಂಸ್ಕಾರಕವು ಅದನ್ನು ಒಂದು ಕಿಟಕಿಯ ಮೂಲಕವೇ ನೋಡಬೇಕಾಗಿತ್ತು. ವಿಜಿಎಯ ಚಿತ್ರ ವಿಧಾನಗಳಲ್ಲಿ ಆ ಕಿಟಕಿಯ ಅಗಲ 64 ಕಿಲೋಬೈಟ್, ಎಂದರೆ 65,536 ಬೈಟ್. ಹದಿನಾರು ಬಣ್ಣಗಳ ನಾಲ್ಕು ಬಿಟ್‌ಗಳನ್ನು ವಿಜಿಎ ನಾಲ್ಕು ಪದರಗಳಲ್ಲಿ ಒಂದರ ಹಿಂದೊಂದು ಇಡುತ್ತಿತ್ತು, ನಾಲ್ಕೂ ಪದರಗಳು ಅದೇ ಕಿಟಕಿಯ ಹಿಂದೆ ನಿಂತಿರುತ್ತಿದ್ದವು. 800×600ರಲ್ಲಿ ಒಂದು ಪದರಕ್ಕೆ 60,000 ಬೈಟ್. ಕಿಟಕಿಯೊಳಗೆ ಸರಿಯಾಗಿ ಕೂರುತ್ತದೆ. ಆದರೆ 1024×768ಕ್ಕೆ ಹೋದರೆ ಒಂದು ಪದರಕ್ಕೆ 98,304 ಬೈಟ್ ಆಗುತ್ತದೆ. ಚಿತ್ರ ಕಿಟಕಿಗಿಂತ ದೊಡ್ಡದಾಯಿತು. ಆಗ ಚಿತ್ರವನ್ನು ಕಿಟಕಿಯ ಹಿಂದೆ ಸರಿಸುತ್ತಾ ಭಾಗ ಭಾಗವಾಗಿ ಬರೆಯಬೇಕು. ಹೀಗೆ ಸರಿಸುವ ವಿಧಾನವನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿಯಲ್ಲಿ ಮಾಡಿಕೊಂಡಿದ್ದರು. ಒಂದು ಕಾರ್ಡಿಗಾಗಿ ಬರೆದ ತಂತ್ರಾಂಶ ಇನ್ನೊಂದು ಕಾರ್ಡಿನಲ್ಲಿ ಸೋಲುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ. ವೆಸಾ ಎಂಬ ತಯಾರಕರ ಒಕ್ಕೂಟವು 1989ರಲ್ಲಿ ಎಲ್ಲರಿಗೂ ಸಮಾನವಾದ ನಿಯಮ ತರಲು ಹೊರಟಾಗ ಮೊದಲು ಕೈಗೆತ್ತಿಕೊಂಡದ್ದು 800×600ನ್ನೇ.

ಮೂರನೆಯದು ಗಡಿಯಾರ. ಹಳೆಯ ಮಾನಿಟರ್‌ಗಳಲ್ಲಿ ಇಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡುತ್ತಾ ಚಿತ್ರ ಬರೆಯುತ್ತಿತ್ತು. 640×480ರಲ್ಲಿ ಕಣ್ಣಿಗೆ ಕಾಣದ ಸಾಲುಗಳೂ ಸೇರಿ 525 ಸಾಲು, ಸೆಕೆಂಡಿಗೆ ಸುಮಾರು 60 ಬಾರಿ. ಅಂದರೆ ಸೆಕೆಂಡಿಗೆ ಸುಮಾರು 31,500 ಸಾಲು. ವೆಸಾ ಹೇಳಿದ 800×600ರಲ್ಲಿ 625 ಸಾಲು, ಸೆಕೆಂಡಿಗೆ ಸುಮಾರು 56 ಬಾರಿ. ಲೆಕ್ಕ ಹಾಕಿದರೆ ಸುಮಾರು 35,200 ಸಾಲು. ಕಿರಣ ಇನ್ನೂ ವೇಗವಾಗಿ ಓಡಬೇಕು, ಕಾರ್ಡು ಚುಕ್ಕಿಗಳನ್ನು ಇನ್ನೂ ಬೇಗ ಕಳಿಸಬೇಕು. 640×480ಕ್ಕೆ ಸೆಕೆಂಡಿಗೆ 2.5 ಕೋಟಿ ಮಿಡಿತ ಸಾಕಿದ್ದರೆ 800×600ಕ್ಕೆ 3.6 ಕೋಟಿ ಬೇಕು. ಐಬಿಎಂನ ಮೂಲ ವಿಜಿಎಯಲ್ಲಿ ಅಷ್ಟು ವೇಗದ ಗಡಿಯಾರವಿರಲಿಲ್ಲ, ಸ್ಪರ್ಧಿಗಳು ತಮ್ಮ ಕಾರ್ಡುಗಳಲ್ಲಿ ಅದನ್ನು ಸೇರಿಸಿದರು. ಅವುಗಳಿಗೇ ಸೂಪರ್ ವಿಜಿಎ ಎಂಬ ಹೆಸರು ಬಂತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದೇ ವೇಗಕ್ಕೆಂದು ಕಟ್ಟಿದ ಮಾನಿಟರ್‌ಗೆ ಬೇರೆ ವೇಗದ ಸಂಕೇತ ಕಳಿಸಿದರೆ ಚಿತ್ರ ಉರುಳುತ್ತದೆ, ಹರಿದಂತೆ ಕಾಣುತ್ತದೆ. ಕೆಲವು ಹಳೆಯ ಮಾನಿಟರ್‌ಗಳು ಹಾಗೆಯೇ ಬಿಟ್ಟರೆ ಕೆಟ್ಟೂ ಹೋಗುತ್ತಿದ್ದವು. ನಿಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಹಳೆಯ ಮಾನಿಟರ್ ಇದ್ದರೆ ಅದರ ಕೈಪಿಡಿ ನೋಡದೆ ಅದರ ಮೇಲೆ ಇಂಥ ಪ್ರಯೋಗಕ್ಕೆ ಇಳಿಯಬೇಡಿ.

ನಮ್ಮ ಉದಾಹರಣೆಯ ಎರಡು ಯಂತ್ರಗಳಲ್ಲಿ ಕಾರ್ಡೂ ಒಂದೇ, ಮಾನಿಟರೂ ಒಂದೇ. ಎರಡನೆಯದು 800×600 ತೋರಿಸುತ್ತಿದೆ ಎಂದಮೇಲೆ ಮೊದಲ ಮೂವರದು ತಪ್ಪಿಲ್ಲ. ಉಳಿದವನು ದುಭಾಷಿ. ಡ್ರೈವರ್ ಎಂದು ನೀವು ಕೇಳಿರುತ್ತೀರಿ. ವಿಂಡೋಸ್ ಒಂದು ಮಾತು ಹೇಳುತ್ತದೆ: ಇಲ್ಲಿಂದ ಅಲ್ಲಿಗೆ ಗೆರೆ ಎಳೆ. ಕಾರ್ಡಿಗೆ ಆ ಭಾಷೆ ತಿಳಿಯದು. ನಡುವೆ ನಿಂತು ಅರ್ಥ ಹೇಳುವವನೇ ಡ್ರೈವರ್. ಅಷ್ಟೇ ಅಲ್ಲ, ವಿಂಡೋಸ್ ಏಳುವಾಗ ಪರದೆಯ ಅಗಲವೆಷ್ಟು, ಎತ್ತರವೆಷ್ಟು, ಬಣ್ಣಗಳೆಷ್ಟು ಎಂದು ಈ ದುಭಾಷಿಯನ್ನೇ ಕೇಳುತ್ತದೆ. ಅವನು 640×480 ಎಂದರೆ ಅಷ್ಟು, 800×600 ಎಂದರೆ ಅಷ್ಟು.

1985ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್‌ನ ಮೊದಲ ಆವೃತ್ತಿಯನ್ನು ಮಾರುಕಟ್ಟೆಗೆ ತಂದಾಗ ವಿಜಿಎ ಇನ್ನೂ ಹುಟ್ಟಿರಲೇ ಇಲ್ಲ. ಆದರೂ ಸರಿಯಾದ ದುಭಾಷಿ ಸಿಕ್ಕರೆ ಆ ಆವೃತ್ತಿಯೂ ಅನಂತರ ಬಂದ ದೊಡ್ಡ ಪರದೆಗೆ ಹೊಂದಿಕೊಳ್ಳಬಲ್ಲದಾಗಿತ್ತು. ಅದರ ವಿನ್ಯಾಸಕಾರರು ಪರದೆ ಇಷ್ಟೇ ಎಂದು ನಿರ್ಧರಿಸದೆ, ಕೇಳಿ ತಿಳಿದುಕೊಳ್ಳುವ ಪದ್ಧತಿ ಇಟ್ಟಿದ್ದರು. ಆದರೆ ಒಂದು ತೊಡಕಿತ್ತು. ಫ್ಲಾಪಿ ಡಿಸ್ಕಿನಿಂದ ಬೇಗ ಏಳಲೆಂದು, ಅನುಸ್ಥಾಪನೆಯ ಸಮಯದಲ್ಲೇ ಡ್ರೈವರನ್ನು ವಿಂಡೋಸ್‌ನ ಮುಖ್ಯ ಕಡತದೊಳಗೆ ಬೆಸೆದುಬಿಡುತ್ತಿದ್ದರು. ಡ್ರೈವರ್ ಬದಲಿಸಬೇಕಾದರೆ ಇಡೀ ಅನುಸ್ಥಾಪನೆಯನ್ನು ಮತ್ತೆ ಮಾಡಬೇಕು. 1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0ರಲ್ಲಿ ಈ ಬೆಸುಗೆ ಹೋಯಿತು. ಡ್ರೈವರ್ ಬೇರೆ ಕಡತವಾಯಿತು, ಯಾವುದನ್ನು ಬಳಸಬೇಕೆಂಬುದು ಸಿಸ್ಟಂ.ಇನಿ ಎಂಬ ಸಾಮಾನ್ಯ ಪಠ್ಯ ಕಡತದಲ್ಲಿ ಒಂದು ಸಾಲಾಯಿತು. 1992ರ ವಿಂಡೋಸ್ 3.1ರಲ್ಲಿ 800×600, 16 ಬಣ್ಣಗಳ ಡ್ರೈವರ್ ಜೊತೆಯಲ್ಲೇ ಬಂತು.

ಹಾಗೆಂದು ಆ ಒಂದು ಸಾಲು ತಿದ್ದಿದರೆ ಸಾಕೇ? ಸಾಲದು. ಪರದೆಯ ಡ್ರೈವರ್, ವಿಂಡೋಸ್ ಒಳಗೆ ಡಾಸ್ ಕಾರ್ಯಕ್ರಮಗಳ ಚಿತ್ರವನ್ನು ಹಿಡಿದಿಡುವ ಕಡತಗಳು, ಅಕ್ಷರಗಳ ಕಡತಗಳು ಇವೆಲ್ಲ ಒಂದೇ ಜೋಡಣೆಗೆ ಸೇರಿದವು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ವಿಂಡೋಸ್ ಸರಿಯಾಗಿ ಎದ್ದರೂ ಡಾಸ್ ಕಿಟಕಿ ತೆರೆದ ಕೂಡಲೇ ಪರದೆ ಕಲಸಿಹೋಗಬಹುದು. ಆದ್ದರಿಂದಲೇ ಸೆಟಪ್ ಕಾರ್ಯಕ್ರಮದ ಮೂಲಕ ಬದಲಿಸುವುದು ಕ್ಷೇಮ. ಪರದೆ ಕಪ್ಪಾಯಿತೆಂದು ಹೆದರಬೇಕಾಗಿಲ್ಲ. ಡಾಸ್‌ಗೆ ಮರಳಿ, ವಿಂಡೋಸ್ ಇರುವ ಡೈರೆಕ್ಟರಿಯಲ್ಲಿ ಸೆಟಪ್ ಎಂದು ಬೆರಳಚ್ಚಿಸಿ, ಹಳೆಯ ವಿಜಿಎಯನ್ನು ಆರಿಸಿಕೊಂಡರೆ ಯಂತ್ರ ಮೊದಲಿನ ಸ್ಥಿತಿಗೆ ಬರುತ್ತದೆ. ನಮ್ಮ ಮೊದಲನೆಯ ಯಂತ್ರಕ್ಕೆ ಬೇಕಾಗಿದ್ದದ್ದು ಇಷ್ಟೇ: ಹೊಸ ಕಾರ್ಡಲ್ಲ, ಸರಿಯಾದ ದುಭಾಷಿ. ಇದನ್ನು ತಿಳಿಯದವರು ಸುಮ್ಮನೆ ಹೊಸ ಕಾರ್ಡಿಗೆ ಹಣ ತೆರಬೇಕಾಗುತ್ತಿತ್ತು.

ಕೇಳಿ ತಿಳಿಯುವ ಪದ್ಧತಿ ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. 1984ರ ಆಪಲ್ ಮೆಕಿಂಟಾಷ್‌ನ ಪರದೆ 512×342 ಚುಕ್ಕಿಗಳದು. ಒಂದು ಸಾಲಿಗೆ ಸರಿಯಾಗಿ 64 ಬೈಟ್. ಪರದೆಯ ಅಳತೆಯನ್ನು ವ್ಯವಸ್ಥೆಯನ್ನೇ ಕೇಳಿ ತಿಳಿಯಿರಿ ಎಂದು ಆಪಲ್ ಹೇಳಿತ್ತು. ಆದರೂ ಕೆಲವು ಕಾರ್ಯಕ್ರಮಗಳು 64 ಎಂಬ ಅಂಕಿಯನ್ನೇ ನಂಬಿ ನೇರವಾಗಿ ನೆನಪಿಗೆ ಬರೆದವು. ಎಲ್ಲ ಯಂತ್ರಗಳ ಪರದೆಯೂ ಒಂದೇ ಆಗಿರುವವರೆಗೆ ಅವು ಚೆನ್ನಾಗಿಯೇ ಓಡಿದವು. 1987ರಲ್ಲಿ ಬೇರೆ ಬೇರೆ ಮಾನಿಟರ್ ಜೋಡಿಸಬಹುದಾದ ಮೆಕಿಂಟಾಷ್ 2 ಬಂತು. ಸಾಲಿನ ಉದ್ದ ಬದಲಾಯಿತು. ಕೇಳಿ ಬರೆದ ಕಾರ್ಯಕ್ರಮಗಳು ದೊಡ್ಡ ಪರದೆಯ ಲಾಭ ಪಡೆದವು, ಊಹಿಸಿ ಬರೆದವು ಕೆಟ್ಟವು.

ಚುಕ್ಕಿಗಳ ಈ ಲೆಕ್ಕ ನಮ್ಮ ಕನ್ನಡಕ್ಕೂ ಸಂಬಂಧಿಸಿದ್ದು. ಸಿಜಿಎ ಪರದೆಯಲ್ಲಿ 80 ಅಕ್ಷರಗಳ 25 ಸಾಲು ಬರೆದರೆ ಒಂದು ಅಕ್ಷರಕ್ಕೆ ಸಿಗುವುದು 8×8 ಚುಕ್ಕಿಗಳ ಮನೆ. ಇಂಗ್ಲಿಷಿನ ಅಕ್ಷರ ಅದರಲ್ಲಿ ಹೇಗೋ ಕೂರುತ್ತದೆ. ಈಗ ‘ರಾಷ್ಟ್ರ’ ಎಂದು ಬರೆಯಿರಿ. ‘ಷ’ಕ್ಕೆ ತಲೆಕಟ್ಟು, ಹೊಟ್ಟೆಯ ಗೆರೆ, ಕೆಳಗೆ ‘ಟ’ ಒತ್ತು, ಅದರ ಪಕ್ಕದಲ್ಲಿ ‘ರ’ ಒತ್ತು. ಎಂಟು ಸಾಲು ಚುಕ್ಕಿಗಳಲ್ಲಿ ಇವೆಲ್ಲವನ್ನೂ ಬಿಡಿಸಿ ತೋರಿಸಲು ಜಾಗವೆಲ್ಲಿ? ಚೌಕುಳಿ ಹಾಳೆಯ ಮೇಲೆ ಒಮ್ಮೆ ಪ್ರಯತ್ನಿಸಿ ನೋಡಿ. ಹೆಚ್ಚು ಚುಕ್ಕಿಗಳು ನಮ್ಮ ಲಿಪಿಗೆ ಅಲಂಕಾರವಲ್ಲ, ಓದಲು ಬರಬೇಕಾದರೆ ಅವು ಇರಲೇಬೇಕು.

ಹಾಗೆಂದು ಚುಕ್ಕಿ ಹೆಚ್ಚಿದಷ್ಟೂ ಲಾಭವೇ ಎಂದುಕೊಳ್ಳಬೇಡಿ. 800×600ರಲ್ಲಿ 640×480ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚುಕ್ಕಿಗಳಿವೆ. ಅಷ್ಟನ್ನೂ ಬರೆಯುವ ಹೊರೆ ಆ ಕಾಲದ ನಿಧಾನ ಸಂಸ್ಕಾರಕದ ಮೇಲೆಯೇ ಬೀಳುತ್ತಿತ್ತು. ಅಲ್ಲದೆ, ಮಾನಿಟರ್ ಅದೇ ಗಾತ್ರದ್ದಾಗಿರುವಾಗ 32 ಚುಕ್ಕಿ ಅಗಲದ ಸಂಕೇತಚಿತ್ರ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಕಣ್ಣಿಗೆ ಆಯಾಸ. ಅದಕ್ಕಾಗಿ ದೊಡ್ಡ ಅಕ್ಷರಗಳ ಕಡತಗಳನ್ನು ಬೇರೆಯಾಗಿ ಕೊಡುತ್ತಿದ್ದರು.

ವಿದ್ಯಾರ್ಥಿ ಮಿತ್ರರೇ, ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಹಳೆಯ ಯಂತ್ರವನ್ನು ಇಂದಿನ ಗಣಕಯಂತ್ರದೊಳಗೆ ಅನುಕರಿಸುವ ತಂತ್ರಾಂಶಗಳಿವೆ. 86ಬಾಕ್ಸ್ ಎಂಬುದು ಅವುಗಳಲ್ಲಿ ಒಂದು. ಅದರಲ್ಲಿ ಯಾವ ಕಾರ್ಡು, ಎಷ್ಟು ನೆನಪು ಎಂದು ನೀವೇ ಆರಿಸಿಕೊಳ್ಳಬಹುದು, ಮಾನಿಟರ್ ಕೆಡುವ ಭಯವಿಲ್ಲ. ಆದರೆ ಯಂತ್ರ ಹಚ್ಚುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. 512 ಕಿಲೋಬೈಟ್ ಕಾರ್ಡಿನಲ್ಲಿ 1024×768 ಚುಕ್ಕಿಗಳು 16 ಬಣ್ಣದಲ್ಲಿ ಮೂಡಬಹುದೇ? ಅದೇ 256 ಬಣ್ಣದಲ್ಲಿ? 256 ಬಣ್ಣಕ್ಕೆ ಚುಕ್ಕಿಗೆ ಒಂದು ಬೈಟ್ ಎಂಬುದನ್ನು ಮರೆಯಬೇಡಿ. ನಿಮ್ಮ ಉತ್ತರ ಬರೆದಿಟ್ಟು, ಅನಂತರ ಯಂತ್ರವನ್ನು ಕೇಳಿ. ಎರಡೂ ತಾಳೆಯಾದರೆ ಸಂತೋಷ. ಆಗದಿದ್ದರೆ ಇನ್ನೂ ಒಳ್ಳೆಯದು, ನಾಲ್ವರಲ್ಲಿ ಒಲ್ಲೆ ಎಂದವರು ಯಾರು ಎಂದು ಹುಡುಕುವ ಕೆಲಸ ನಿಮಗೆ ಸಿಕ್ಕಿತು.

ಯಂತ್ರ ‘ಆಗದು’ ಎಂದಾಗ ಕೂಡಲೇ ಅದನ್ನು ಬದಲಿಸುವ ಮಾತಾಡುವುದು ಸುಲಭ. ಆಗದು ಎಂದದ್ದು ಅದರ ಯಾವ ಭಾಗ, ಏಕೆ ಎಂದು ವಿಚಾರಿಸುವುದು ಕಷ್ಟ. ಆದರೆ ಗಣಕವಿಜ್ಞಾನ ಕಲಿಯುವುದೆಂದರೆ ಈ ವಿಚಾರಣೆಯನ್ನು ಕಲಿಯುವುದೇ. ನಿಮ್ಮ ಅಂಗಳದ ಚುಕ್ಕಿಗಳನ್ನು ನೀವೇ ಎಣಿಸಿ ನೋಡಿ.